ನಮ್ಮ ದೇವಣಿ ಹೋರಿಯ ಬಂಧುಬಳಗ

ದೊಡ್ಡ ದೊಡ್ಡ ಸಂಗತಿಗಳು ಬೇರೆಯವರ ಮನೆಗೆ ಹೋಗುತ್ತವೋ ಇಲ್ಲವೋ, ನನ್ನ ಮನೆಗೆ ಮಾತ್ರ ದಾರಿ ಕೇಳಿಕೊಂಡು ಬರುತ್ತಲೇ ಇರುತ್ತವೆ. ನಾನು ಶಾಲೆಯ ಒಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಒಳಗೆ ನುಗ್ಗಿದ ಕರು ಹಿಡಿದು ತರಲು. ಇದನ್ನೂ ನಾನು ಹೇಳುತ್ತ ಹೋದೆ, ಮೊಮ್ಮಗಳು ಬರೆದಳು. ಆದರೆ ದನದ ವಿಷಯದಲ್ಲಿ ನನ್ನನ್ನು ಮೀರಿಸಿದವ ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಇನ್ನೂ ಹುಟ್ಟಿಲ್ಲ. ಸಂತೆಯಲ್ಲಿ ದಲಾಲಿ ಮಾಡಿಯೇ ಕೂದಲು ಬೆಳ್ಳಗಾದವ ನಾನು. ಮನೆಯಲ್ಲಿ ದೇವಣಿ ತಳಿಯ ಒಂದು ಹೋರಿ ಇದೆ. ಬೆದೆಗೆ ಬಂದ ಆಕಳನ್ನು ಊರವರು ಅದರ ಹತ್ತಿರವೇ ತರುತ್ತಾರೆ. ನನ್ನ ಇಜ್ಜತ್ತೆಲ್ಲ ಆ ಹೋರಿಯ ಡುಬ್ಬದ ಮೇಲೆ ಕೂತಿದೆ. ಅದನ್ನು ಅಲ್ಲಿಂದ ಇಳಿಸಲಿಕ್ಕೆ ಒಂದು ಜೀಪು ಬಂತು.

ರಕ್ತದ ಮಂದಿ

ಜೀಪಿನಿಂದ ಮೈಸೂರು ಕಡೆಯ ಒಬ್ಬ ಮೇಡಂ ಇಳಿದರು. ಜೊತೆಗೆ ಹುಮನಾಬಾದಿನ ದನದ ಡಾಕ್ಟರು. ದನ, ಎಮ್ಮೆ, ಆಡುಗಳ ರಕ್ತ ತೆಗೆದು, ನಮ್ಮ ಬಿಸಿಲು ತಡೆಯುವ ಗುಣ ಅವಕ್ಕೆ ಎಲ್ಲಿಂದ ಬಂತು, ಯಾವುದು ಯಾವುದರ ಬಳಗ ಎಂದು ಹುಡುಕುವ ಕೆಲಸವಂತೆ. ರಕ್ತ ತೆಗೆಯುವವರು ಒಂದು ಊರು, ಅದನ್ನು ಓದುವವರು ಇನ್ನೊಂದು ಊರು, ಓದಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಹೆಣೆಯುವವರು ಮತ್ತೊಂದು ದೇಶ.

"ಇಷ್ಟು ಮಂದಿ ಯಾಕ ಬೇಕ್ರಿ?" ಎಂದು ಕೇಳಿದೆ.

"ಒಬ್ಬರಿಗೇ ಎಲ್ಲಾ ಗೊತ್ತಿರಲ್ಲ ಅಜ್ಜ" ಅಂದರು ಮೇಡಂ.

"ಹಂಗಾದ್ರ ನೀವು ಮೊದಲ ನನ್ನ ಕಡೆ ಬರಬೇಕಿತ್ತು" ಅಂದೆ.

ಬಸ್ಸು ಎಳೆದ ಮುತ್ತಜ್ಜ

ರಕ್ತ ಕೊಟ್ಟ ದನಕ್ಕೆ ಜಂತಿನ ಔಷಧ, ಲಸಿಕೆ ಎಲ್ಲ ಪುಕ್ಕಟೆ ಅಂತ ಡಾಕ್ಟರು ಸಾರಿದ್ದರು. ಹೀಗಾಗಿ ಊರೆಲ್ಲ ದನ ಹಿಡಕೊಂಡು ಬೇವಿನ ಗಿಡದ ಕೆಳಗೆ ನಿಂತಿತ್ತು. ಮೇಡಂ ನನ್ನ ಹೋರಿಯ ವಂಶ ಕೇಳಿದರು. ನಾನು ನಿಜಾಮರ ಕಾಲದಿಂದ ಶುರು ಮಾಡಿದೆ. ಇದರ ಮುತ್ತಜ್ಜನ ಹೊತ್ತಿಗೆ ಬರುವಷ್ಟರಲ್ಲಿ ಡಾಕ್ಟರು ಚಹಾ ಕುಡಿದು ಮುಗಿಸಿದ್ದರು.

ಆ ಮುತ್ತಜ್ಜ ಎಂಥವನೆಂದರೆ, ಮುಡಬಿ ರಸ್ತೆಯಲ್ಲಿ ತುಂಬಿದ ಬಸ್ಸು ಕೆಟ್ಟು ನಿಂತಾಗ ಹಗ್ಗ ಕಟ್ಟಿ ಬಸವಕಲ್ಯಾಣದ ತನಕ ಒಂದೇ ದಮ್ಮಿಗೆ ಎಳೆದುಬಿಟ್ಟ. ನಡುವೆ ಎರಡು ಸ್ಟಾಪಿನಲ್ಲಿ ನಿಲ್ಲಿಸಿ ಮಂದಿಯನ್ನೂ ಹತ್ತಿಸಿಕೊಂಡೆವು.

"ನಿಮಗೆ ಏನು ಕೊಟ್ಟರು ಅಜ್ಜ?" ಎಂದು ಮೇಡಂ ಕೇಳಿದರು.

"ಏನ್ ಕೊಡ್ತಾರ್ರಿ? ಇಳಿಯೋ ಮುಂದ ಕಂಡಕ್ಟರ್ ನನಗೇ ಟಿಕೆಟ್ ಕೇಳಿದ."

ಟುವಾಲಿನ ಕೆಳಗೆ

"ಈ ಹೋರಿಯ ಮಕ್ಕಳು ಊರಲ್ಲಿ ಎಷ್ಟಿವೆ?" ಎಂದು ಮುಂದಿನ ಪ್ರಶ್ನೆ.

ನಾನು ಬೇವಿನ ಗಿಡದ ಕಡೆ ಕೈ ಬೀಸಿ ಹೇಳಿದೆ: "ಇಲ್ಲಿ ನಿಂತಾವಲ್ಲ, ಎಲ್ಲಾ ಇದರವೇ. ಬರೀ ಈ ಊರೇನು, ನಾರಾಯಣಪುರದ ತನಕ ಹೋಗಿ ನೋಡಿ ಬರ್ರಿ."

ಮೇಡಂ ರಕ್ತ ತೆಗೆಯುವ ಸಾಮಾನಿನ ಪೆಟ್ಟಿಗೆ ತೆರೆದಿದ್ದವರು ಮುಚ್ಚಿದರು. "ಹಾಗಾದರೆ ಇಲ್ಲಿ ನಮಗೆ ಕೆಲಸ ಇಲ್ಲ ಅಜ್ಜ. ಒಂದಕ್ಕೊಂದು ಸಂಬಂಧ ಇಲ್ಲದ ದನ ಬೇಕು. ಎಲ್ಲಾ ಒಂದೇ ತಂದೆಯ ಮಕ್ಕಳಾದರೆ ಒಂದೇ ದನವನ್ನು ಮತ್ತೆ ಮತ್ತೆ ನೋಡಿದ ಹಾಗೆ."

ಊರು ಊರೇ ನನ್ನ ಕಡೆ ತಿರುಗಿತು. ಎದುರುಮನೆಯಾಕೆ ತನ್ನ ಆಕಳ ಹಗ್ಗ ಹಿಡಿದೇ ಮುಂದೆ ಬಂದಳು. "ಮಾಮಾ, ಮೂಗುದಾರ ಹೋರಿಗಿ ಹಾಕೋದಲ್ಲ, ನಿಮ್ಮ ಬಾಯಿಗಿ ಹಾಕಬೇಕು. ಮುಂಜಾನಿಂದ ನಿಂತೇವಿ. ಈಗ ಔಷಧಾ ಯಾರು ಕೊಡ್ತಾರ?"

ಈಗ ನೋಡಿರಿ ಪೇಚು. ಎಲ್ಲವೂ ನನ್ನ ಹೋರಿಯವೇ ಎಂದರೆ ಊರಿಗೆ ಔಷಧವಿಲ್ಲ. ಅಲ್ಲ ಎಂದು ಎಲ್ಲರೆದುರು ಹೇಳಿದರೆ ನಾಳೆ ಯಾವ ಆಕಳೂ ನನ್ನ ಬಾಗಿಲಿಗೆ ಬರುವುದಿಲ್ಲ. ಆದರೆ ನಾನು ದಲಾಲ. ಸಂತೆಯಲ್ಲಿ ನಾವು ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಟುವಾಲಿನ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಹೆಗಲ ಮೇಲಿನ ಟುವಾಲು ತೆಗೆದು ಡಾಕ್ಟರ ಕೈ ಮೇಲೆ ಹಾಕಿದೆ. ಒಳಗೆ ನಾಲ್ಕು ಬೆರಳು ಹಿಡಿದೆ, ನನ್ನ ಹೋರಿಯವು ನಾಲ್ಕೇ ಎಂದು. ಅವರು ಇನ್ನೂ ಇಳಿಸು ಎಂದು ತಲೆ ಅಲ್ಲಾಡಿಸಿದರು. ಒಂದು ಬೆರಳು ಬಿಟ್ಟೆ. ಅವರು ಮೇಡಂ ಕಡೆ ನೋಡಿ, "ಅಜ್ಜ ಒಪ್ಪಿದ, ಇವನ ಹೋರಿಯವು ಮೂರೇ ಅಂತ" ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಹೀಗೆ ಊರವರಿಗೆ ತಿಳಿಯಲಿಲ್ಲ, ಪೆಟ್ಟಿಗೆ ತೆರೆಯಿತು.

ಮೇಡಂ ಮಾತ್ರ ಬಹಳ ಹೊತ್ತು ಆ ಟುವಾಲನ್ನೇ ನೋಡಿದರು. "ಡಾಕ್ಟರೇ, ಈ ವಿಧಾನವನ್ನು ವರದಿಯಲ್ಲಿ ಹೇಗೆ ಬರೆಯೋದು?" ಎಂದರು.

ನಳಿಗೆಯ ಅಳತೆ

ಹೋರಿಯ ಸರದಿ ಬಂತು. ಡಾಕ್ಟರು ಕಿರುಬೆರಳಿನಷ್ಟು ಗಾಜಿನ ನಳಿಗೆ ತೆಗೆದರು. ನನಗೆ ಬೇಸರವಾಯಿತು.

"ಸಾಹೇಬ್ರ, ಆಗಳೆ ಆ ಬಡಕಲು ಆಡಿಗೂ ಇದೇ ನಳಿಗಿ ಹಿಡದಿದ್ರಿ."

"ಹೌದು ಮುತ್ಯಾ, ಆಡಿಗೂ ಇಷ್ಟೇ, ಹೋರಿಗೂ ಇಷ್ಟೇ."

"ಜರಾ ದೊಡ್ಡದು ಇದ್ರ ತೆಗೀರಿ. ಆನಿ ಬಂದ್ರ ಏನ್ ಮಾಡ್ತೀರಿ?"

"ಆನಿಗೂ ಇಷ್ಟೇ, ಇಲಿಗೂ ಇಷ್ಟೇ."

ಇಲಿ ಎಂದದ್ದೇ ತಡ, ಹೋರಿ ಬಾಲ ಬೀಸಿತು. ಡಾಕ್ಟರ ಕನ್ನಡಕ ಹಾರಿ ಹೋಗಿ ಸಗಣಿಯಲ್ಲಿ ಕೂತಿತು. ನಾನು ಎತ್ತಿ, ತೊಳೆದು ಕೊಟ್ಟು ಹೇಳಿದೆ: "ಇಲಿಗಿ ಬಾಲ ಇಷ್ಟು ಉದ್ದ ಇರಂಗಿಲ್ರಿ."

ಗೋಡೆಯ ಮೇಲಿನ ಬಲೆ

ಮುಂದಿನ ಬೇಸಿಗೆಗೆ ಕರೆ ಬಂತು. ಬಸವಕಲ್ಯಾಣದ ಒಂದು ಸಭಾಂಗಣದಲ್ಲಿ ರಕ್ತ ಏನು ಹೇಳಿತು ಎಂದು ತೋರಿಸುತ್ತಾರಂತೆ. ಊರವರೆಲ್ಲ ಬಾಡಿಗೆಯ ಟಂಟಂ ಆಟೋ ಮಾಡಿಕೊಂಡು ಹೋದೆವು. ನಾನು ಹೊಸ ಧೋತರ ಉಟ್ಟು ಮುಂದಿನ ಸಾಲಿನಲ್ಲಿ ಕೂತೆ.

ಗೋಡೆಯ ಮೇಲೆ ಚುಕ್ಕೆಗಳು, ಅವುಗಳ ನಡುವೆ ಗೆರೆಗಳು, ಮೀನು ಹಿಡಿಯುವ ಬಲೆಯ ಹಾಗೆ. ಮೊದಲ ಬಲೆ ಗುಣಗಳದ್ದು. ಬಿಸಿಲು ತಡೆಯುವ ಗುಣ ಒಂದೇ ಕಡೆ ಕೂತಿರುವುದಿಲ್ಲ, ರಕ್ತದೊಳಗಿನ ಎಷ್ಟೋ ಜೀನುಗಳು ಸೇರಿ, ಒಂದು ಇನ್ನೊಂದಕ್ಕೆ ಸನ್ನೆ ಮಾಡಿ ಆ ಕೆಲಸ ಮಾಡುತ್ತವೆ ಎಂದು ಮೇಡಂ ವಿವರಿಸಿದರು. ಸಂತೆಯಲ್ಲಿ ದಲಾಲರು ಮಾಡುವುದೂ ಅದನ್ನೇ. ನನಗೆ ತಕ್ಷಣ ಅರ್ಥವಾಯಿತು, ಪಕ್ಕದಲ್ಲಿ ಕೂತಿದ್ದ ಯಾರೋ ಸಾಹೇಬರಿಗೂ ಅರ್ಥ ಮಾಡಿಸಿದೆ.

ಎರಡನೆಯ ಬಲೆ ನಮ್ಮೂರ ದನಗಳದ್ದು. ಒಂದೊಂದು ದನಕ್ಕೆ ಒಂದೊಂದು ಚುಕ್ಕೆ, ರಕ್ತಸಂಬಂಧ ಇದ್ದಲ್ಲಿ ಗೆರೆ. ನಡುವೆ ಒಂದು ದಪ್ಪ ಚುಕ್ಕೆ. ಊರಿನ ಕರುಗಳ ಗೆರೆಗಳೆಲ್ಲ ಅದಕ್ಕೇ ಹೋಗಿ ಸೇರಿದ್ದವು. ನಾನು ಎದ್ದು ನಿಂತು ಸುತ್ತ ನೋಡಿ ಮೀಸೆ ತಿರುವಿದೆ.

"ಕೂತ್ಕೊಳ್ಳಿ ಅಜ್ಜ, ಅದು ನಿಮ್ಮದಲ್ಲ" ಅಂದರು ಮೇಡಂ. "ನೀವು ಹೇಳಿದ್ದು ನಿಜ, ಎಲ್ಲಾ ಒಂದೇ ತಂದೆಯ ಮಕ್ಕಳು. ತಂದೆ ಮಾತ್ರ ಬೇರೆ."

ಅದು ಯಾವುದೆಂದರೆ, ನಮ್ಮೂರ ಹಾದಿಯ ಕಟ್ಟೆಯ ಹತ್ತಿರ ಮಲಗಿರುವ, ದೇವರಿಗೆ ಬಿಟ್ಟ ಗೂಳಿ. ಆವತ್ತು ಜೀಪು ಹಿಂದಿರುಗುವಾಗ ಅದರ ರಕ್ತವನ್ನೂ ತೆಗೆದಿದ್ದರಂತೆ. ನನ್ನ ಮನೆಗೆ ಬರುವ ಆಕಳುಗಳೆಲ್ಲ ಆ ಕಟ್ಟೆ ದಾಟಿಯೇ ಬರಬೇಕು.

ನನ್ನ ಹೋರಿಯ ಚುಕ್ಕೆ ಮೂಲೆಯಲ್ಲಿ ಒಂದೇ ನಿಂತಿತ್ತು. ಗೆರೆ ಒಂದೂ ಇಲ್ಲ. ಸಭೆಯಲ್ಲಿ ನಗೆ ಎದ್ದಿತು. ಎದುರುಮನೆಯಾಕೆ ಹಿಂದಿನಿಂದ ಬಗ್ಗಿ ಕೇಳಿದಳು: "ಮಾಮಾ, ಹಂಗಾದ್ರ ನಮ್ಮ ಆಕಳ ಇಷ್ಟು ವರ್ಷ ನಿಮ್ಮ ಮನಿಗಿ ಬಂದು ಏನು ಮಾಡ್ತಿತ್ತು?"

"ಮೇವು ತಿಂತಿತ್ತು" ಅಂದೆ. ಬೇರೆ ಏನು ಹೇಳಲಿ. ನನ್ನ ಹೆಸರು ಅಲ್ಲಿಗೆ ಮುಗಿಯಿತು ಎಂದುಕೊಂಡು ಟುವಾಲು ಹೆಗಲಿಗೆ ಹಾಕಿ ಏಳುತ್ತಿದ್ದೆ.

ಆಗ ಮೇಡಂ ಹೇಳಿದರು: "ನಗಬೇಡಿ. ಊರಿನ ದನವೆಲ್ಲ ಒಂದೇ ರಕ್ತ ಆಗಿವೆ, ಹೀಗೇ ಬಿಟ್ಟರೆ ಕರುಗಳು ಸೊರಗುತ್ತವೆ. ಯಾವುದಕ್ಕೂ ಸಂಬಂಧ ಇಲ್ಲದ, ಬೆರಕೆ ಇಲ್ಲದ ದೇವಣಿ ನಿಮ್ಮಲ್ಲಿ ಇರೋದು ಅಜ್ಜನ ಹೋರಿ ಒಂದೇ. ಇನ್ನು ಮುಂದೆ ಎಲ್ಲರೂ ಅದನ್ನೇ ಬಳಸಿ."

ನಾನು ಮತ್ತೆ ಕೂತೆ. "ಈ ಮಾತಿಗಾಗೇ ಅದನ್ನ ಇಷ್ಟು ವರ್ಷ ಕಾಯ್ದು ಇಟ್ಟಿದ್ದೆ" ಎಂದು ಪಕ್ಕದ ಸಾಹೇಬರಿಗೆ ಹೇಳಿದೆ.

ಮರುದಿನ ಮುಂಜಾನೆ ನನ್ನ ಬಾಗಿಲಿಂದ ಬೇವಿನ ಗಿಡದ ತನಕ ಆಕಳುಗಳ ಸಾಲು. ಎಲ್ಲಕ್ಕಿಂತ ಮುಂದೆ ಎದುರುಮನೆಯಾಕೆ. ಅಂಗಳಕ್ಕೆ ಬಂದು ನಾನು ಸಾಲನ್ನು ತುದಿಯ ತನಕ ಕಣ್ಣು ತುಂಬ ನೋಡಿದೆ. ತುದಿಯಲ್ಲಿ, ಯಾರೂ ಹಗ್ಗ ಹಿಡಿದು ತಂದಿರಲಿಲ್ಲ, ತಾನೇ ಬಂದು ಸರದಿಗೆ ನಿಂತಿತ್ತು ಕಟ್ಟೆಯ ಗೂಳಿ.

ಎದುರುಮನೆಯಾಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಮಾಮಾ," ಅಂದಳು, "ನಿಮ್ಮ ಹೋರಿ ವಂಶ ಆಮ್ಯಾಲ ಹೇಳ್ರಂತ. ಮೊದಲ ನನ್ನ ಆಕಳ ಒಳಗ ಬಿಟ್ಟು ಬಾಗಿಲ ಹಾಕ್ರಿ."