ಮೇಷ್ಟ್ರು ಕೋವಿ ಕೊಂಡಿದ್ದು

"ಈ ವರ್ಷ ನಾನು ಕೋಲು ಹಿಡಿಯೋದಿಲ್ಲ! ಕೋವಿ ಹಿಡೀತೀನಿ!"

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹಾಲ್ವರ್ ಮೇಷ್ಟ್ರು ಓಟ್ಸ್ ಗಂಜಿಯ ಬಟ್ಟಲಿನ ಮುಂದೆ ಚಮಚ ಎತ್ತಿ ಹಿಡಿದು ಹೀಗೆ ಘೋಷಿಸಿದ. ದಂಡಯಾತ್ರೆಗೆ ಹೊರಟ ಚಕ್ರವರ್ತಿಗಳೂ ಅಷ್ಟು ಜೋರಾಗಿ ಕೂಗಿರಲಾರರು!

ಹೆಂಡತಿ ಲವಾನ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಮೊದಲು ಚಮಚ ನೆಟ್ಟಗೆ ಹಿಡಿ. ಗಂಜಿ ಅಂಗಿ ಮೇಲೆ ಸುರೀತಿದೆ."

ಹಾಲ್ವರ್‌ನ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ದಕ್ಷಿಣ ಡಕೋಟಾದಲ್ಲಿ ಅಕ್ಟೋಬರ್ ಬಂತೆಂದರೆ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯ ಬೇಟೆ ಶುರು. ಕ್ರಿಸ್‌ಮಸ್‌ಗೆ ಮುಖ ತೋರಿಸದ ನೆಂಟರೂ ಬೇಟೆಯ ಮೊದಲ ದಿನ ಮಾತ್ರ ತಪ್ಪಿಸುವುದಿಲ್ಲ. ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಕೋವಿ ಹಿಡಿದು, ಮಾವ ಆರ್ವಿಡ್‌ನ ಮುಸುಕಿನ ಜೋಳದ ಹೊಲದಲ್ಲಿ ಸಾಲಾಗಿ ನಡೆಯುತ್ತಾರೆ. ಹುಂಜ ಎದ್ದರೆ ಢಂ! ಆ ಸಾಲಿನ ಕೊನೆಯಲ್ಲಿ ಕೋಲಿನಿಂದ ದಂಟು ಬಡಿದು ಹಕ್ಕಿ ಎಬ್ಬಿಸುವವನು ಯಾರು? ಆಮೇಲೆ ಸತ್ತ ಹಕ್ಕಿಗಳ ಚೀಲ ಹೊರುವವನು ಯಾರು? ಮನೆಯ ಅಳಿಯ! ಪಟ್ಟಣದಿಂದ ಬಂದ ರೇಖಾಗಣಿತದ ಮೇಷ್ಟ್ರಿಗೆ ಇಷ್ಟು ಬಂದರೆ ಸಾಕು ಎಂದು ಮದುವೆಯಾದ ವರ್ಷವೇ ಆರ್ವಿಡ್ ತೀರ್ಮಾನಿಸಿಬಿಟ್ಟಿದ್ದ.

ಹಾಲ್ವರ್ ಮಾವನಿಗೆ ಫೋನ್ ಹಚ್ಚಿದ.

"ಆಗ್ಲಿ ಮೇಷ್ಟ್ರೇ, ಬನ್ನಿ," ಅಂದ ಆರ್ವಿಡ್. "ಆದ್ರೆ ನಮ್ಮನೆ ಕಾನೂನು ಗೊತ್ತಲ್ಲ? ಬೇಟೆಗೆ ಹಿಂದಿನ ಭಾನುವಾರ ಕ್ಲಬ್ಬಲ್ಲಿ ಮಣ್ಣಿನ ಬಿಲ್ಲೆ ಹೊಡೀಬೇಕು. ಯಂತ್ರದಿಂದ ಇಪ್ಪತ್ತೈದು ಹಾರಿಸ್ತಾರೆ. ಅರ್ಧಕ್ಕಿಂತ ಜಾಸ್ತಿ ಒಡೆದ್ರೆ ಸಾಲಲ್ಲಿ ಜಾಗ. ಇಲ್ದಿದ್ರೆ ಅದೇ ಕೋಲು, ಅದೇ ಚೀಲ."

"ಒಡೀತೀನಿ!"

"ಮೊದಲು ಕೋವಿ ತಗೊಳ್ಳಿ."

ಅಲ್ಲೇ ನೋಡಿ ತಾಪತ್ರಯ ಶುರುವಾಗಿದ್ದು. ಹೆಣ್ಣು ನೋಡಿ ಒಪ್ಪಿದವನಿಗೂ ಇಷ್ಟು ಜನ ಬುದ್ಧಿ ಹೇಳುವುದಿಲ್ಲ! ಲವಾನ್‌ಳ ಅಣ್ಣ ಡಾರೆಲ್, "ತಾನೇ ತೋಟಾ ಏರಿಸ್ಕೊಳ್ಳೋ ಕೋವಿ ತಗೋ. ಬೇರೆಯದೆಲ್ಲ ಮುದುಕರಿಗೆ," ಅಂದ. ಕ್ಷೌರದವನು ಹಾಲ್ವರ್‌ನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು, "ಕೈಯಲ್ಲಿ ಎಳೆದು ತೋಟಾ ಏರಿಸೋದೇ ಸರಿ. ಏನಂತೀರಿ?" ಎಂದು ಕೇಳಿದ. ಆ ಸ್ಥಿತಿಯಲ್ಲಿ ಯಾರು ತಾನೇ ಇಲ್ಲ ಎಂದಾರು? ಭಾನುವಾರ ಪಾದ್ರಿಗಳು ಪ್ರವಚನ ಮುಗಿಸಿ, ಕಾಫಿ ಲೋಟ ಹಿಡಿದು ಹತ್ತಿರ ಬಂದು, "ಒಂದರ ಮೇಲೊಂದು ಕೂತ ಜೋಡಿ ನಳಿಗೆ. ಹಕ್ಕಿಗೂ ಅದೇ, ಬಿಲ್ಲೆಗೂ ಅದೇ," ಎಂದು ಪಿಸುಗುಟ್ಟಿದರು. ಪಾಪವಿಮೋಚನೆಯ ಬಗ್ಗೆ ಅವರು ಅಷ್ಟು ಖಚಿತವಾಗಿ ಎಂದೂ ಮಾತಾಡಿರಲಿಲ್ಲ.

ಇದರ ಮೇಲೆ ನಳಿಗೆಯ ನಂಬರಿನ ಗೋಳು. ಹನ್ನೆರಡು ನಂಬರಿನ ಕೋವಿಯೋ ಇಪ್ಪತ್ತು ನಂಬರಿನದೋ? ಹಾಲ್ವರ್ ಇಪ್ಪತ್ತೇ ದೊಡ್ಡದೆಂದುಕೊಂಡಿದ್ದ. ಅಂಗಡಿಯವನು ನಕ್ಕ.

"ಇಲ್ಲ ಸಾರ್, ಹನ್ನೆರಡೇ ದೊಡ್ಡದು."

"ಹನ್ನೆರಡು ಇಪ್ಪತ್ತಕ್ಕಿಂತ ದೊಡ್ಡದಾ?"

"ಹೌದು ಸಾರ್. ಹತ್ತು ಇನ್ನೂ ದೊಡ್ಡದು."

"ನಾನು ಗಣಿತ ಹೇಳ್ಕೊಡೋ ಮನುಷ್ಯ ಕಣ್ರೀ!"

"ಅದಕ್ಕೇ ಕಷ್ಟ ಆಗ್ತಿದೆ," ಅಂದ ಅಂಗಡಿಯವನು. "ಅದಿರ್ಲಿ, ನಿಮ್ಮ ಯಜಮಾನ ಕಣ್ಣು ಯಾವುದು?"

ಎರಡು ಕಣ್ಣಿದ್ದರೂ ಗುರಿ ಹಿಡಿಯುವಾಗ ನಡೆಯುವುದು ಒಂದರ ಮಾತೇ. ಅದು ಬಲಗಣ್ಣಾದರೆ ಕೋವಿ ಬಲಭುಜಕ್ಕೆ, ಎಡಗಣ್ಣಾದರೆ ಎಡಭುಜಕ್ಕೆ. ಅದಕ್ಕೆ ತಕ್ಕಂತೆ ಕೋವಿಯ ಹಿಂಬದಿಯ ಮರವೂ ಒಂದು ಚೂರು ಆ ಕಡೆಗೆ ಬಾಗಿರುತ್ತದೆ. ಎರಡು ಹಸ್ತ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ ನೋಡಿದರೆ ಯಜಮಾನ ಯಾರೆಂದು ತಿಳಿಯುತ್ತದೆ ಎಂದು ಅಂಗಡಿಯವನು ಹೇಳಿಕೊಟ್ಟ. ಇಷ್ಟು ವೈಜ್ಞಾನಿಕವಾದ ಕೆಲಸವನ್ನು ಅಂಗಡಿಯಲ್ಲಿ ನಿಂತು ಮಾಡುವುದೇ? ಹಾಲ್ವರ್ ಮನೆಗೆ ಬಂದು ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಕೈ ಚಾಚಿ ನಿಂತ.

ಲವಾನ್ ಬಾಗಿಲು ಬಡಿದಳು. "ಎಷ್ಟೊತ್ತು? ಏನು ಮಾಡ್ತಿದ್ದೀಯ ಒಳಗೆ?"

"ಯಜಮಾನ ಯಾರು ಅಂತ ಪತ್ತೆ ಹಚ್ತಿದ್ದೀನಿ!"

"ಈ ಮನೇಲಿ ಅದಕ್ಕೆ ಕನ್ನಡಿ ಬೇಕಾ?"

ಹಾಲ್ವರ್ ಇಂಥ ಕುಹಕಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಕಿಂಡಿಯಲ್ಲಿ ಕಂಡ ಕಣ್ಣು ಕನ್ನಡಿಯ ಬಲಗಡೆ ಇತ್ತು. ಆದರೆ ಅವನೇನು ದಡ್ಡನೇ? ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗು! ಆದ್ದರಿಂದ ಬಲ ಅಂದರೆ ಎಡ. ಯಜಮಾನ ಎಡಗಣ್ಣೇ ಎಂದು ಸಾಧಿಸಿ, ಮೂರು ಸಲ ಪರೀಕ್ಷಿಸಿ, ಎಡಗೈಯವರಿಗೆಂದೇ ಮರ ಬಾಗಿಸಿದ ಜೋಡಿ ನಳಿಗೆ ಕೋವಿಯನ್ನು ದೂರದಿಂದ ತರಿಸಿದ. ಅಕ್ಕಪಕ್ಕದಲ್ಲಿ ಕೆತ್ತಿದ ಬೆಳ್ಳಿಯ ಹಕ್ಕಿಗಳು, ಅಕ್ರೋಟು ಮರದ ಹಿಡಿ! ಡಾರೆಲ್, ಕ್ಷೌರದವನು, ಪಾದ್ರಿಗಳು ಎಲ್ಲರೂ ಬಂದು ನೋಡಿ, "ಇವನಿಗೆ ಎಡಗೈಯದು ಯಾಕೆ?" ಎಂದು ಕೇಳಿದರು. "ಅದು ವಿಜ್ಞಾನ," ಅಂದ ಹಾಲ್ವರ್.

ಇನ್ನು ಮನೆಯಲ್ಲಿ ಅಭ್ಯಾಸ. ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಗೋಡೆಯೂ ಸೂರೂ ಸೇರುವ ಗೆರೆಯ ಮೇಲೆ ನಳಿಗೆಯ ತುದಿಯನ್ನು ಸರಸರ ಓಡಿಸಬೇಕು. ಹಕ್ಕಿಯ ಹಿಂದೆ ಕೋವಿ ತಿರುಗಿಸುವ ರೂಢಿ ಬರುವುದು ಹಾಗೆ. ಮೊದಲ ದಿನ ದೀಪದ ಬುರುಡೆ ಹೋಯಿತು. ಎರಡನೆಯ ದಿನ ಪರದೆಯ ಕಂಬಿ ಕಳಚಿ ತಲೆಯ ಮೇಲೆಯೇ ಬಿತ್ತು. ಮೂರನೆಯ ದಿನ ಮೂಲೆಯಲ್ಲಿ ತಿರುಗುವಾಗ ಗೋಡೆಗೆ ತೂಗುಹಾಕಿದ್ದ ನೀಲಿ ಹೂವಿನ ತಟ್ಟೆ ಢಣಾರ್!

ಲವಾನ್ ಓಡಿ ಬಂದಳು. "ಅಜ್ಜಿ ನಾರ್ವೆಯಿಂದ ತಂದ ತಟ್ಟೆ! ಸಮುದ್ರ ದಾಟಿ ಬಂದಿದ್ದು ನಿನ್ನ ಕೈಲಿ ಒಡೀತಲ್ಲೋ!"

"ಅದು ದಾರಿಗೆ ಅಡ್ಡ ಬಂತು."

"ಗೋಡೆ ಮೇಲಿದ್ದ ತಟ್ಟೆ ದಾರಿಗೆ ಅಡ್ಡ ಬಂತಾ?"

"ಎಡಗಡೆಯಿಂದ ತಿರುಗಿದ್ರೆ ಅಡ್ಡವೇ."

"ನಿನಗೆ ಆ ಕೋವಿ ಒಗ್ಗಲ್ಲ ಹಾಲ್ವರ್. ನೋಡೋಕೇ ಕಣ್ಣು ಉರಿಯುತ್ತೆ. ಮೊಣಕೈ ಒಂದು ಕಡೆ, ಮುಖ ಒಂದು ಕಡೆ!"

"ಭಾನುವಾರ ನೋಡ್ತಿರು!" ಎಂದು ಹಾಲ್ವರ್ ಗುಡುಗಿದ. ತಟ್ಟೆಯ ಚೂರುಗಳನ್ನು ಮಾತ್ರ ಅವನೇ ಗುಡಿಸಬೇಕಾಯಿತು.

ಭಾನುವಾರ ಬಂತು. ಕ್ಲಬ್ಬಿನಲ್ಲಿ ಊರಿಗೆ ಊರೇ ಸೇರಿತ್ತು. ಲವಾನ್ ಫ್ಲಾಸ್ಕಿನಲ್ಲಿ ಕಾಫಿ ತಂದು ಬೇಲಿಯ ಪಕ್ಕ ಕುಳಿತಳು. ಆರ್ವಿಡ್ ಹೊಗೆಸೊಪ್ಪು ಅಗಿಯುತ್ತಾ ಹಿಂದೆ ನಿಂತ. ಹಾಲ್ವರ್ ಎಡಭುಜಕ್ಕೆ ಕೋವಿ ಏರಿಸಿ, ಎದೆಯುಬ್ಬಿಸಿ, "ಬಿಡು!" ಎಂದು ಕೂಗಿದ.

ಕಿತ್ತಳೆ ಬಣ್ಣದ ಬಿಲ್ಲೆ ಸುಯ್ಯೆಂದು ಹಾರಿತು. ಢಂ! ಬಿಲ್ಲೆ ಏನೂ ಆಗಿಲ್ಲವೆಂಬಂತೆ ಹೋಗಿ ಹುಲ್ಲಿನಲ್ಲಿ ಇಳಿಯಿತು. "ಬಿಡು!" ಢಂ! ಅದೂ ಹೋಯಿತು. ಮತ್ತೆ ಢಂ, ಮತ್ತೆ ಢಂ. ಭುಜ ಕೆಂಪಾಯಿತು, ಕೆನ್ನೆ ಊದಿತು, ಬಿಲ್ಲೆಗಳಿಗೆ ಮಾತ್ರ ಒಂದು ಗೀಚೂ ಬೀಳಲಿಲ್ಲ! ಕೊನೆಗೊಂದು ಬಿಲ್ಲೆ ಎರಡು ಹೋಳಾಯಿತು. ಹಾಲ್ವರ್ ಕುಣಿದುಬಿಟ್ಟ.

"ನೀವಿನ್ನೂ ಹೊಡೆದೇ ಇಲ್ವಲ್ಲ ಮೇಷ್ಟ್ರೇ," ಅಂದ ಆರ್ವಿಡ್. "ಅದು ಯಂತ್ರದಲ್ಲೇ ಒಡೆದು ಬಂತು. ಇರ್ಲಿ ಬಿಡಿ, ಪಾಪ, ಲೆಕ್ಕಕ್ಕೆ ಹಾಕ್ಕೊಳ್ಳಿ."

ಇಪ್ಪತ್ತೈದಕ್ಕೆ ಒಂದು, ಅದೂ ದಾನದ್ದು! ಹಾಲ್ವರ್‌ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಎರಡು ತಿಂಗಳು ಓದಿದ್ದೇನು, ಊರೆಲ್ಲ ಕೇಳಿ ತಿಳಿದಿದ್ದೇನು! ಮಾವನ ಕಣ್ಣಿಗೆ ಇನ್ನೂ ಚೀಲ ಹೊರುವವನೇ ಆಗಿ ಉಳಿದೆನಲ್ಲ!

ಲವಾನ್ ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದಳು. "ಎರಡೂ ಕಣ್ಣು ಬಿಟ್ಕೊಂಡು ಆ ನೀರಿನ ಟ್ಯಾಂಕಿಗೆ ಬೆರಳು ತೋರ್ಸು. ಹಾಂ. ಈಗ ಬಲಗಣ್ಣು ಮುಚ್ಚು."

"ಅಯ್ಯೋ, ಬೆರಳು ಪಕ್ಕಕ್ಕೆ ಹಾರಿತು!"

"ಈಗ ಎಡಗಣ್ಣು ಮುಚ್ಚು."

"ಟ್ಯಾಂಕಿನ ಮೇಲೇ ಇದೆ."

"ನಿನ್ನ ಯಜಮಾನ ಬಲಗಣ್ಣು ಕಣೋ! ಎಡಗಣ್ಣು ಅಂತ ಯಾರು ಹೇಳಿದ್ದು?"

"ಕನ್ನಡಿ," ಅಂದ ಹಾಲ್ವರ್, ಸಣ್ಣ ದನಿಯಲ್ಲಿ. "ಬಲಗಡೆ ಕಾಣಿಸ್ತು. ಕನ್ನಡೀಲಿ ಉಲ್ಟಾ ಅಲ್ವಾ, ಅದಕ್ಕೇ..."

ಆರ್ವಿಡ್ ಅಗಿಯುವುದನ್ನೇ ನಿಲ್ಲಿಸಿದ.

"ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಹೆರೀತೀಯಲ್ಲ," ಅಂದಳು ಲವಾನ್. "ಬಲಗೆನ್ನೆ ಯಾವ ಕಡೆ ಕಾಣುತ್ತೆ? ಬಲಗಡೆ ತಾನೇ? ಎದುರಿಗೆ ನಿಂತಿದ್ದು ನೀನೇನಾ, ಇಲ್ಲ ಬೇರೆ ಯಾರಾದ್ರೂ ಗಂಡಸಾ?"

ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಪಾದ್ರಿಗಳು ಟೋಪಿಯಿಂದ ಮುಖ ಮುಚ್ಚಿಕೊಂಡರು.

"ಕೊಡು ಇಲ್ಲಿ. ನೋಡಿ ನೋಡಿ ಸಾಕಾಗಿದೆ!" ಎಂದು ಲವಾನ್ ಕೋವಿ ಕಿತ್ತುಕೊಂಡಳು.

ಲವಾನ್ ಹುಟ್ಟಾ ಎಡಚಿ. ಬರೆಯುವುದು, ಬಡಿಸುವುದು, ಗಂಡನ ಬೆನ್ನಿಗೆ ಗುದ್ದುವುದು ಎಲ್ಲ ಎಡಗೈಯಲ್ಲೇ. ತವರಿನಲ್ಲಿದ್ದ ಕೋವಿಗಳೆಲ್ಲ ಬಲಗೈಯವು. ಚಿಕ್ಕಂದಿನಲ್ಲಿ ಅವುಗಳಿಂದ ಹೊಡೆದು, ಎಲ್ಲವೂ ಗುರಿ ತಪ್ಪಿ, "ಹುಡುಗಿಗೆ ಕೋವಿ ಒಗ್ಗಲ್ಲ," ಎಂಬ ಅಪ್ಪನ ತೀರ್ಪಿನಿಂದ ಅಡುಗೆಮನೆ ಸೇರಿದ್ದಳು. ಈಗ ಕೋವಿಯನ್ನು ಎಡಭುಜಕ್ಕೆ ಎತ್ತಿದಳು ನೋಡಿ, ಅದು ಸೀದಾ ಕೆನ್ನೆಗೆ ಬಂದು ಕೂತಿತು.

"ಬಿಡು!" ಬಿಲ್ಲೆ ಪುಡಿ. "ಬಿಡು!" ಪುಡಿ! ಮಧ್ಯೆ ಕೆಲವು ತಪ್ಪಿದವು, ಆಗೆಲ್ಲ ಅವಳು ಗಂಡನನ್ನೇ ಬೈದಳು. ಮುಗಿಯುವಾಗ ಹದಿನೆಂಟು ಒಡೆದಿದ್ದವು.

ಆರ್ವಿಡ್ ಟೋಪಿ ತೆಗೆದು ತಲೆ ಕೆರೆದುಕೊಂಡು, "ಶನಿವಾರ ಸಾಲಿಗೆ ಬಂದ್ಬಿಡು ಮಗಳೇ," ಅಂದ. "ಇಷ್ಟು ವರ್ಷ ನಿನ್ನನ್ನ ಬರೀ ಆಲೂಗಡ್ಡೆ ಬೇಯಿಸೋಕೆ ಬಿಟ್ಟೆನಲ್ಲ, ನನಗೆ ಬುದ್ಧಿ ಎಲ್ಲಿತ್ತು?" ಲವಾನ್ ಕೋವಿಯನ್ನು ಎದೆಗವಚಿಕೊಂಡಳು.

"ಹಾಗಾದ್ರೆ ಅಡುಗೆ?" ಅಂದ ಡಾರೆಲ್.

ಎಲ್ಲರೂ ಹಾಲ್ವರ್‌ನತ್ತ ತಿರುಗಿದರು.

ಶನಿವಾರ ಹಾಲ್ವರ್ ಸೂರ್ಯ ಹುಟ್ಟುವ ಮೊದಲೇ ಎದ್ದು ಆಲೂಗಡ್ಡೆ ಹೆಚ್ಚಿದ, ಮಾಂಸ ಹುರಿದ, ಎಲ್ಲವನ್ನೂ ಓವನ್ನಿನೊಳಗಿಟ್ಟು ಹೊಲಕ್ಕೆ ಓಡಿದ, ದಂಟು ಬಡಿದ, ಚೀಲ ಹೊತ್ತ, ಮತ್ತೆ ಓವನ್ ನೋಡಲು ಮನೆಗೆ ಓಡಿದ. ಹಿಂದಿನ ವರ್ಷಗಳಲ್ಲಿ ಕೋಲೊಂದೇ ಇತ್ತು, ಈಗ ಸೌಟೂ ಸೇರಿತು! ಲವಾನ್ ಮೂರು ಹುಂಜ ಹೊಡೆದಳು, ಮೂರೂ ಅವನ ಹೆಗಲ ಮೇಲೇ ಬಂದವು.

ಮಧ್ಯಾಹ್ನ ಧಾನ್ಯದ ಕೊಟ್ಟಿಗೆಯಲ್ಲಿ ಊಟ. ಹಾಲ್ವರ್ ಬಡಿಸುತ್ತಿದ್ದ. ಡಾರೆಲ್ ಆ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹೊಟ್ಟೆಕಿಚ್ಚಿನಿಂದ ಕೇಳಿದ: "ಲವಾನ್, ನಿನಗೆ ಅಂತಲೇ ಮಾಡ್ಸಿದ ಹಾಗಿದೆ. ಮೊದಲನೇ ಕೋವಿನೇ ಇಷ್ಟು ಸರಿಯಾಗಿ ಹೇಗೆ ಸಿಕ್ತು?"

"ಕೋವಿ ಆರಿಸೋ ಗೋಜು ನನಗ್ಯಾಕೆ?" ಅಂದಳು ಲವಾನ್, ತಟ್ಟೆ ಗಂಡನ ಮುಂದೆ ಹಿಡಿದು. "ನಾನು ಗಂಡನ್ನ ಸರಿಯಾಗಿ ಆರಿಸಿದೆ. ಮಿಕ್ಕಿದ್ದೆಲ್ಲ ಅವನೇ ತಪ್ಪಾಗಿ ಆರಿಸಿ ತಂದ್ಕೊಟ್ಟ. ಹಾಲ್ವರ್, ಆಲೂಗಡ್ಡೆ ಇನ್ನೊಂಚೂರು ಹಾಕು."