ದೀಪ ಹಚ್ಚಿ ಉಂಡ ದೊರೆ

ಸೃಷ್ಟಿಸಿದವರು ತೀರಿಹೋಗಿ ಎಷ್ಟೋ ಕಾಲವಾದರೂ ಕೆಲವರಿಗೆ ಬಿಡುವು ಸಿಗುವುದಿಲ್ಲ. ಕುದುರೆಗಾಡಿಯ ಕಾಲದ ಆ ಲಂಡನ್ ಪತ್ತೇದಾರನ ಪಾಡು ಅಂಥದ್ದು. ಅವನ ಹೆಸರನ್ನು ನಾನು ಹೇಳುವುದಿಲ್ಲ; ಹಿರಿಯರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಲೋಕದಲ್ಲಿ ಯಾರ ಕೈಗೆ ಪೆನ್ನು ಸಿಕ್ಕರೂ ಆ ಮುದುಕನನ್ನು ಎಬ್ಬಿಸಿ, ಟೋಪಿ ಹಾಕಿಸಿ, ಹೊಸದೊಂದು ಹೆಣದ ಮುಂದೆ ನಿಲ್ಲಿಸುತ್ತಾರೆ. ನಮ್ಮೂರ ವಾಯನಶಾಲೆಯ, ಅಂದರೆ ಗ್ರಂಥಾಲಯದ, ಕಪಾಟಿನಲ್ಲಿ ಅವನ ಹಳೆಯ ಕಥೆಗಳಿಗಿಂತ ಹೊಸ ಕಥೆಗಳೇ ಜಾಸ್ತಿ. ಅವನ್ನೆಲ್ಲ ಓದಿ ಮುಗಿಸಿದ ಮೇಲೆ ನನಗೂ ಆ ಚಟ ಅಂಟಿತು ಎಂದು ಒಪ್ಪಿಕೊಂಡುಬಿಡುತ್ತೇನೆ. ಕೇಣಿಚಿರದ ಹತ್ತಿರ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ಬೆಳೆದುಕೊಂಡು, ಉತ್ತರಕ್ಕೆ ಮೈಸೂರು, ದಕ್ಷಿಣಕ್ಕೆ ಕೋಳಿಕ್ಕೋಡು ದಾಟದ ಮನುಷ್ಯ ನಾನು. ಆದರೂ ಐವತ್ತಾರನೆಯ ವಯಸ್ಸಿನಲ್ಲಿ ಲಂಡನ್ನಿನ ಮಂಜಿನೊಳಗೆ ಕಾಲಿಟ್ಟೆ. ಬರೆಯುವುದು ಶಾಲೆ ಕಲಿಸಿದ ಮಲಯಾಳದಲ್ಲಿ, ಯೋಚಿಸುವುದು ಮನೆಯ ಕನ್ನಡದಲ್ಲಿ.

ಕಷ್ಟ ಶುರುವಾದದ್ದು ಕೊಲೆಯಲ್ಲಿ. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವ ಜೈನ ಗೌಡರ ಮನೆ ನಮ್ಮದು. ಒಲೆಗೆ ಸೌದೆ ಇಡುವ ಮೊದಲು ಇರುವೆ ಇದೆಯೇ ಎಂದು ತಟ್ಟಿ ನೋಡುವುದನ್ನು ಅಮ್ಮನಿಂದ ಕಲಿತವನು ನಾನು. ಒಬ್ಬ ದೊರೆಯನ್ನು ಕೊಲ್ಲು ಎಂದರೆ ಹೇಗೆ? ಚಾಕು ಹಿಡಿಸಿದೆ, ಮರುಕ್ಷಣ ಆ ಸಾಲನ್ನೇ ಹೊಡೆದುಹಾಕಿದೆ. ಪಿಸ್ತೂಲು ತಂದೆ, ಅದರ ಸದ್ದಿಗೆ ನಾನೇ ಬೆಚ್ಚಿದೆ. ನನ್ನ ಹೆಂಡತಿ ಪದ್ಮಾವತಿ ದಿನಾ ಕಾಫಿ ಕೊಡುವಾಗ, "ಇವತ್ತಾದ್ರೂ ಸತ್ನಾ ಆ ಪಾಪದವ್ನು?" ಎಂದು ವಿಚಾರಿಸುವಳು. ಹದಿನೈದು ದಿನ ಒದ್ದಾಡಿ ಕೊನೆಗೆ ರಕ್ತ ಬಾರದಂತೆ, ನೋವಾಗದಂತೆ, ಒಂದು ಮರ್ಯಾದಸ್ಥ ವಿಷ ಕೊಟ್ಟೆ. ಆ ದಿನ ಮಧ್ಯಾಹ್ನ ನನಗೇ ಊಟ ಸೇರಲಿಲ್ಲ.

ದೊರೆಯ ಊಟದ ಮೇಲೂ ಪದ್ಮಾವತಿಯ ಕಣ್ಣಿತ್ತು. ಮಾಂಸ ಬರೆಯಕೂಡದು ಎಂದಳು. ಮೊಟ್ಟೆಯೂ ಬೇಡ. ಆಲೂಗಡ್ಡೆ ಹಾಕಿದ್ದೆ, ನೆಲದೊಳಗಿನದು ಎಂದು ಅದನ್ನೂ ತೆಗೆಸಿದಳು. ಹೀಗೆ ಆಸ್ತಿವಂತನಾದ ಇಂಗ್ಲಿಷ್ ದೊರೆ ಬ್ರೆಡ್ಡಿಗೆ ಹಸಿ ಬಟಾಣಿ ಸಾರು ನೆಂಚಿಕೊಂಡು ಸತ್ತ. ಮಧ್ಯಾಹ್ನವೇ ವಿಷ ಹಾಕಿದ ಸೋದರಳಿಯ ರಾತ್ರಿ ಬಂದು ಹೆಣದ ಮುಂದೆ ತಟ್ಟೆ ಇಟ್ಟು, ದೀಪ ಹಚ್ಚಿ, "ಮಾವ ಎಂಟು ಗಂಟೆಗೆ ಉಣ್ಣುತ್ತಿದ್ದರು, ನಾನೇ ನೋಡಿದೆ" ಎಂದು ಸುಳ್ಳು ಹೇಳುತ್ತಾನೆ. ಪತ್ತೇದಾರ ದೀಪವನ್ನು ನೋಡುತ್ತಾನೆ, ತಟ್ಟೆಯನ್ನು ನೋಡುತ್ತಾನೆ, ನಗುತ್ತಾನೆ. "ಎಪ್ಪತ್ತು ವರ್ಷದ ಘನವಂತರು ದೀಪ ಹಚ್ಚಿಕೊಂಡು ಉಣ್ಣುತ್ತಾರೆಯೇ? ಈ ತಟ್ಟೆ ಆಮೇಲೆ ಇಟ್ಟದ್ದು!" ಸೋದರಳಿಯ ಕಾಲಿಗೆ ಬೀಳುತ್ತಾನೆ. ಇಷ್ಟನ್ನು ಓದಿ ಹೇಳಿದಾಗ ಮೆಣಸು ಬಿಡಿಸುತ್ತಿದ್ದ ಪದ್ಮಾವತಿ ಕೈ ನಿಲ್ಲಿಸಿ, "ಸರ್ಯಾಗಿ ಸಿಕ್ಬಿದ್ದ ನೋಡಿ!" ಎಂದಳು. ಹುಳಹುಪ್ಪಟೆ ಬಿದ್ದು ಸತ್ತೀತೆಂದು ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತಟ್ಟೆ ಮುಟ್ಟುವುದಿಲ್ಲ. ಲಂಡನ್ನಿನಲ್ಲಿ ಬೇರೆ ಪದ್ಧತಿ ಇರಬಹುದೆಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ವಾಯನಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಸ್ಮರಣಸಂಚಿಕೆ ತರುತ್ತಾರೆ. ಅದರಲ್ಲಿ ಊರಿನವರ ಕಥೆ ಒಂದೇ ಒಂದು. ಇಷ್ಟು ವರ್ಷ ನನಗೆ ಸಿಕ್ಕಿದ್ದೆಲ್ಲ ವಂದನಾರ್ಪಣೆ. ಜನ ಎದ್ದು ಚಪ್ಪಲಿ ಹುಡುಕುವಾಗ ಮೈಕಿನ ಮುಂದೆ ನಿಲ್ಲುವ ಕೆಲಸ. ಈ ಸಲ ಕಾರ್ಯದರ್ಶಿ ವರ್ಕಿ ಮಾಶ್, ನಿವೃತ್ತ ಮೇಷ್ಟ್ರು, "ಕಥೆ ನಿಮ್ಮದೇ, ಗೌಡರೇ" ಎಂದಿದ್ದರು. ಅಚ್ಚಾದ ನನ್ನ ಹೆಸರನ್ನು ತಂದು ತೋರಿಸುತ್ತೇನೆಂದು ಪದ್ಮಾವತಿಗೆ ಮಾತು ಕೊಟ್ಟಿದ್ದೆ. ಭಾನುವಾರ ಮಧ್ಯಾಹ್ನ ಇಪ್ಪತ್ತು ಜನರೆದುರು ಓದಿದೆ. ದೀಪದ ಘಟ್ಟ ಬಂದಾಗ ದನಿ ಏರಿಸಿ ನಿಲ್ಲಿಸಿದೆ. ಯಾರೂ ಉಸಿರೆತ್ತಲಿಲ್ಲ. ಬೆರಗಾಗಿದ್ದಾರೆ ಅಂದುಕೊಂಡೆ.

"ಅಲ್ಲ ಗೌಡರೇ," ಎಂದರು ಮಾಶ್, "ರಾತ್ರಿ ಎಂಟಕ್ಕೆ ದೀಪ ಹಚ್ಚದೆ ಆ ಸಾಯಿಪ್ಪು ದೊರೆ ಕತ್ತಲಲ್ಲಿ ತಡಕಾಡಿ ತಿನ್ನಬೇಕಿತ್ತೋ?" ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕೋಣೆ ನಕ್ಕಿತು. ಮಾಶ್ ಭೂಗೋಳದ ಮೇಷ್ಟ್ರು ಬೇರೆ. "ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೇ ಸಂಜೆ. ಈ ಲೆಕ್ಕದಲ್ಲಿ ಪಾಪ ದೊರೆ ಮಧ್ಯಾಹ್ನದ ಕೈ ತೊಳೆದುಕೊಂಡು ಹಾಗೇ ರಾತ್ರಿಯೂಟಕ್ಕೆ ಕೂರಬೇಕು!" ನಾಚಿಕೆಗೆ ಎದ್ದು ಓಡಿಬಿಡೋಣ ಅನ್ನಿಸಿತು, ಆದರೆ ವಂದನಾರ್ಪಣೆಯೂ ನನ್ನದೇ ಆಗಿತ್ತು. ಹೊರಡುವಾಗ ಮಾಶ್ ಹೆಗಲ ಮೇಲೆ ಕೈಯಿಟ್ಟು, "ಬುಧವಾರದೊಳಗೆ ಸರಿಮಾಡಿ ಕೊಡಿ. ಇಲ್ಲಾಂದ್ರೆ ಆ ಪುಟಕ್ಕೆ ಗೊಬ್ಬರದಂಗಡಿಯವರ ಜಾಹೀರಾತು ಹೋಗತ್ತೆ," ಎಂದು ಕಣ್ಣು ಮಿಟುಕಿಸಿದರು.

ಆ ಕಣ್ಣು ಮಿಟುಕಿಸಿದ್ದರ ಅರ್ಥವನ್ನು ನಿಮಗೆ ಮಾತ್ರ ಹೇಳುತ್ತೇನೆ. ತಿಂಗಳ ಎರಡನೆಯ ಶನಿವಾರ ವಾಯನಶಾಲೆಯ ಸಮಿತಿ ಸೇರುತ್ತದೆ. ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಎದುರಿಗೇ ಚಾಯದಂಗಡಿ, ಕಾವಲಿಯ ಮೇಲೆ ಪೊರೋಟ ಬೇಯುವ ವಾಸನೆ ರಸ್ತೆ ದಾಟಿ ಬಂದು ಕೈ ಹಿಡಿದು ಕರೆದೊಯ್ಯುತ್ತದೆ. ಎರಡು ಪೊರೋಟ, ಬಟಾಣಿ ಕರಿ. ಮೂರು ವರ್ಷದಿಂದ, ಮಾಶ್ ಪಕ್ಕದಲ್ಲೇ ಕುಳಿತು. ಅಂದರೆ ಘನವಂತರು ದೀಪದಡಿ ಉಣ್ಣುವುದಿಲ್ಲ ಎಂದು ಮೈಕಿನಲ್ಲಿ ಸಾರಿದವನು, ಹಿಂದಿನ ರಾತ್ರಿಯಷ್ಟೇ ಟ್ಯೂಬ್‌ಲೈಟಿನಡಿ ಬೆರಳು ಚೀಪಿದ್ದ.

ಜಾಹೀರಾತಿನ ಹೆದರಿಕೆಗೆ ಕಥೆಯನ್ನು ತಿರುಗಿಸಿ ಹಾಕಿದೆ. ಈಗ ಸೋದರಳಿಯ, "ಮಾವ ಹಗಲಲ್ಲೇ ಉಂಡು ಸತ್ತರು, ಆಗ ನಾನು ಊರಲ್ಲೇ ಇರಲಿಲ್ಲ" ಎನ್ನುತ್ತಾನೆ. ಪತ್ತೇದಾರ ಬಟಾಣಿ ಸಾರಿನಿಂದ ಒಂದು ಹುಳದ ರೆಕ್ಕೆಯನ್ನು ಎತ್ತಿ ಹಿಡಿಯುತ್ತಾನೆ: ದೀಪದ ಹುಳ ಬಿದ್ದಿದೆ, ಹಾಗಾದರೆ ಉಂಡದ್ದು ಕತ್ತಲಾದ ಮೇಲೆ! ಒಂದೇ ಪಟ್ಟಿಗೆ ಕೂತು ಬರೆದೆ. ದೊರೆ ಬೆಳಕಿಗೆ ಬೆನ್ನು ಕೊಟ್ಟು ತಟ್ಟೆಯನ್ನು ತನ್ನದೇ ನೆರಳಿಗೆ ಎಳೆದುಕೊಳ್ಳುವುದು, ಬಿದ್ದ ಹುಳವನ್ನು ಮಾತು ನಿಲ್ಲಿಸದೆ ಕಿರುಬೆರಳಲ್ಲಿ ಅಂಚಿಗೆ ಸರಿಸುವುದು, ಅಂಗುಳಿಗೆ ಅಂಟಿದ ರೆಕ್ಕೆಯನ್ನು ಬಟಾಣಿ ಸಿಪ್ಪೆಯೆಂದು ನಂಬಿ ನುಂಗಿಬಿಡುವುದು, ಒಂದನ್ನೂ ಬಿಡಲಿಲ್ಲ. ಮಾಶ್ ಫೋನು ಮಾಡಿ, "ಇದು ಕಥೆಯಲ್ಲ ಗೌಡರೇ, ಅನುಭವ!" ಎಂದು ಹೊಗಳಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಹೊಗಳಿಕೆ ಕೇಳಿದ ಮನುಷ್ಯನಿಗೆ ಬುದ್ಧಿ ಎಲ್ಲಿಂದ ಬರಬೇಕು?

ಸಂಚಿಕೆ ಬಂತು. ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಪದ್ಮಾವತಿ ಅದನ್ನು ಸೆರಗಿನಿಂದ ಒರೆಸಿ, ಜಗಲಿಯಲ್ಲಿ ಕುಳಿತು ಓದಿದಳು. ನನಗೆ ಹೆಮ್ಮೆಯಿಂದ ಎದೆ ತುಂಬಿತು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಎರಡನೆಯ ಸಲ ಓದುವಷ್ಟು ಚೆನ್ನಾಗಿದೆಯೇ ಎಂದು ಹಿಗ್ಗಿದೆ.

"ರೀ, ಒಂದು ಕೇಳ್ಲಾ?" ಎಂದಳು. "ಈ ದೊರೆ ಬೆಳಕಿಗೆ ಬೆನ್ನು ಹಾಕಿ ಕೂರ್ತಾನಲ್ಲ, ಅದು ನಿಮ್ಗೆ ಹೇಗೆ ಗೊತ್ತಾಯ್ತು?"

"ಕಲ್ಪನೆ."

"ಕಿರುಬೆರಳು?"

"ಅದೂ ಕಲ್ಪನೆಯೇ."

"ಮೂವತ್ತು ವರ್ಷದಲ್ಲಿ ಈ ಮನೇಲಿ ದೀಪದ ಕೆಳಗೆ ತಟ್ಟೆ ಇಟ್ಟಿಲ್ಲ. ಟಿ.ವಿ.ಯಲ್ಲಿ ಊಟ ತೋರಿಸ್ತಾರೆ, ಹುಳ ತಳ್ಳೋದು ತೋರಿಸಲ್ಲ. ರೆಕ್ಕೆ ಅಂಗುಳಿಗೆ ಅಂಟೋದು ತಿಂದವ್ರಿಗೇ ಗೊತ್ತಾಗೋ ವಿಷ್ಯ." ಅವಳು ಪುಸ್ತಕ ಮಡಚಿದಳು. "ಎರಡ್ನೇ ಶನಿವಾರ ಮಾತ್ರ ನೀವು ಏಲಕ್ಕಿ ಅಗೀತಾ ಮನೆಗ್ ಬರ್ತೀರಿ. ಮೀಟಿಂಗಲ್ಲಿ ಮಾತಾಡಿ ಗಂಟಲು ಒಣಗಿರ್ಬೇಕು ಅಂದ್ಕೊಂಡಿದ್ದೆ. ಕರೀಲಿ ಉಳ್ಳಿ ಇತ್ತಾ?"

ಉಳ್ಳಿಯೆಂದರೆ ಈರುಳ್ಳಿ. ಇತ್ತು. ಸಾಕಷ್ಟೇ ಇತ್ತು. ಲಂಡನ್ನಿನ ಮಹಾಶಯನಿಗೆ ಹೆಣ, ಗಾಜು, ಭೂತಗನ್ನಡಿ ಎಲ್ಲ ಬೇಕು; ಇವಳಿಗೆ ನನ್ನದೇ ಮೂರು ಪುಟ ಸಾಕಾಯಿತು. ನನ್ನ ಕಥೆಯ ಸೋದರಳಿಯನಂತೆ ಕಾಲಿಗೆ ಬೀಳೋಣವೆಂದರೆ ಮಂಡಿನೋವು. ಆ ಪುಣ್ಯಾತ್ಮನನ್ನಾದರೂ ಪೊಲೀಸರು ಬಂದು ಕರೆದುಕೊಂಡು ಹೋದರು. ನಾನು ಇಲ್ಲೇ ಇರಬೇಕು.

ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಐದೂವರೆಗೆ ಎಂದಿನಂತೆ ತಟ್ಟೆ ಹಾಕಿ, ಬಿಸಿ ಅನ್ನ ಬಡಿಸಿ, ಎದುರು ಕುಳಿತಳು. ನಾನು ಮೊದಲ ತುತ್ತು ಕಲಸುವಾಗ ಮೆಲ್ಲಗೆ ಕೇಳಿದಳು: "ಆ ಹುಳ ಏನಾಯ್ತು?"

ಒಬ್ಬ ದೊರೆಯನ್ನು ಕಾಗದದ ಮೇಲೆ ಕೊಲ್ಲಲು ಹದಿನೈದು ದಿನ ನಡುಗಿದವನು ನಾನು. ಆ ಹುಳದ ಬಗ್ಗೆ ನನ್ನ ಪತ್ತೇದಾರ ವಿಚಾರಿಸಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಇಡೀ ಪ್ರಕರಣದಲ್ಲಿ ನಿಜವಾಗಿ ಸತ್ತದ್ದು ಅದೊಂದೇ. ಅವಳು ಇನ್ನೊಂದು ಸೌಟು ಸಾರು ಹಾಕಿ, "ಉಣ್ಣಿ, ಹೊತ್ತು ಮುಳುಗ್ತಾ ಬಂತು" ಎಂದಳು.