ಎಡಗೈಗೆ ಕಟ್ಟಿದ ದಾರ

'ಬೇಡ' ಅನ್ನುವ ಎರಡಕ್ಷರ ಬುನ್‌ತೆಮ್‌ನ ಬಾಯಲ್ಲಿ ಹುಟ್ಟಿದಾಗಿನಿಂದ ಬಂದದ್ದಿಲ್ಲ. ಅವನ ಕಷ್ಟಕ್ಕೆಲ್ಲ ಅದೇ ಮೂಲ.

ವಾರಕ್ಕೆ ಮೂರು ದಿನ ಅವನಿಗೆ ಡಯಾಲಿಸಿಸ್. ಅದಕ್ಕೆಂದೇ ಎಡ ಮುಂಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು. ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ಜುಮ್ಮೆನ್ನುತ್ತಿತ್ತು. ಹೋದ ತಿಂಗಳು ಅದರ ಹರಿವು ಅಳೆದ ನರ್ಸ್ ಸಿರಿಪೊನ್ ಮುಖ ಸಣ್ಣಗೆ ಮಾಡಿಕೊಂಡಿದ್ದಳು.

"ನಿಮಿಷಕ್ಕೆ ಐನೂರ ಅರವತ್ತು ಮಿಲಿ ಅಷ್ಟೇ ಮಾವ. ಐನೂರಕ್ಕಿಂತ ಇಳಿದ್ರೆ ಆಪರೇಷನ್ನು. ಪೂರ್ತಿ ನಿಂತೋದ್ರೆ ಕುತ್ತಿಗೆಗೆ ಕೊಳವೆ. ಆ ಕೈನ ಜೋಪಾನ ಮಾಡಿ."

ಸುದ್ದಿ ಊರು ಮುಟ್ಟಿದ್ದೇ ತಡ, ಪಕ್ಕದ ಮನೆಯ ಪಾನ್ ಅಜ್ಜಿ ಟೊಂಕ ಕಟ್ಟಿದಳು. "ಇವನ ಚೈತನ್ಯ ಮೈಬಿಟ್ಟು ಅಲೀತಿದೆ. ಕರೆದು ದಾರ ಕಟ್ಟಿದ್ರೆ ಸರಿಹೋಗುತ್ತೆ." ಮುಂದಿನ ಅಳತೆಯ ದಿನ ಬೆಳಿಗ್ಗೆ ಶಾಸ್ತ್ರಕ್ಕೆಂದು ಬಾಳೆಲೆ ಮಡಿಸಿ ಮಾಡಿದ ಗೋಪುರ, ಅಂಟನ್ನ, ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಊರೇ ಸೇರಿತು.

"ಅಜ್ಜಿ, ಬಲಗೈಗೆ ಕಟ್ಟಿದ್ರೆ..."

"ಮಂಕೇ! ಮಂಡಿ ನೋವಿಗೆ ಯಾರಾದ್ರೂ ತಲೆಗೆ ಎಣ್ಣೆ ಹಚ್ತಾರಾ? ಕೊಡು ಎಡಗೈ!"

ಕೊಟ್ಟ. ಒಬ್ಬರಿಗಿಂತ ಒಬ್ಬರು ಪ್ರೀತಿಯಿಂದ ಬಿಗಿದರು. ಮಣಿಕಟ್ಟು ತುಂಬಿ ದಾರ ಮುಂಗೈ ಏರಿತು. ಹೆಂಡತಿ ಲಮ್ಯಾಯ್ ಮಾತ್ರ ಬಲಗೈಗೆ ಒಂದೆಳೆ ಸಡಿಲವಾಗಿ ಕಟ್ಟಿ, ಕಣ್ಣಲ್ಲೇ ಗಂಡನನ್ನು ಬೈದಳು.

"ಇದೇನ್ ಮಾವ, ಕೈಯೋ ದಾರದುಂಡೆಯೋ?" ಆಸ್ಪತ್ರೆಯಲ್ಲಿ ಸಿರಿಪೊನ್ ಹಣೆ ಚಚ್ಚಿಕೊಂಡಳು.

"ಮೂರು ದಿನ ಬಿಚ್ಚಬಾರದಮ್ಮ."

ಅವಳು ಸೂಜಿ ಚುಚ್ಚಿ, ಎರಡು ಕೊಳವೆಗಳನ್ನು ಅದಲುಬದಲು ಮಾಡಿ, ಹರಿವು ಅಳೆಯುವ ಕ್ಲಿಪ್ಪು ಸಿಕ್ಕಿಸಿ ಉಪ್ಪುನೀರು ಬಿಟ್ಟಳು. ಪರದೆಯ ಮೇಲೆ ಮುನ್ನೂರ ಹತ್ತು! ಅವಳು ಕತ್ತರಿ ತಂದು ಎಡಗೈ ದಾರವನ್ನೆಲ್ಲ ಕತ್ತರಿಸಿದಳು. ಮತ್ತೆ ಅಳೆದರೆ ಆರುನೂರ ಇಪ್ಪತ್ತು.

"ದಾರಾನೇ ಹಿಸುಕ್ತಿತ್ತು. ಊರಲ್ಲಿ ಬಾಯ್ಬಿಟ್ಟು ಹೇಳಿ ಮಾವ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಆ ಮಾತನ್ನೇ ಉರು ಹೊಡೆದ.

ಮನೆ ಮುಂದೆ ಎಲ್ಲರೂ ಕಾದಿದ್ದರು. ಅಂಕಿ ಕೇಳಿದ ಪಾನ್ ಅಜ್ಜಿ, "ನೋಡಿದ್ರಾ ನಮ್ಮ ದಾರದ ಮಹಿಮೆ!" ಎಂದು ಹಿಗ್ಗಿ ಅವನ ಅಂಗಿತೋಳು ಸರಿಸಿದಳು. ಬೋಳು ಕೈ.

"ಅಯ್ಯಯ್ಯೋ, ಬಂದ ಚೈತನ್ಯ ಹೊರಟೋಯ್ತಲ್ಲೋ!"

ಅಜ್ಜಿಯ ಕಣ್ಣು ತುಂಬಿತು. ನಡೆಯಲಾರದ ಕಾಲಲ್ಲಿ ಬೌದ್ಧ ವಿಹಾರಕ್ಕೆ ಹೋಗಿ ದಾರ ಮಂತ್ರಿಸಿ ತಂದಿದ್ದವಳು ಅವಳು. ಉರು ಹೊಡೆದದ್ದನ್ನು ಬಿಟ್ಟು ಬುನ್‌ತೆಮ್ ಎಡಗೈ ಚಾಚಿದ. ಈ ಸಲ ಎರಡರಷ್ಟು ಕಟ್ಟಿದರು.

ಮಾರನೆಯ ಬೆಳಿಗ್ಗೆ ಬೆರಳಿಟ್ಟು ನೋಡಿದ. ಜುಮ್ಮೆನ್ನಲಿಲ್ಲ.

ಆಸ್ಪತ್ರೆಯಲ್ಲಿ ಕುತ್ತಿಗೆಗೆ ಕೊಳವೆ ಹಾಕಿದರು. ಒಂದೇ ಒಂದು ಮಾತು ಆಡಿದ್ದರೆ ಕೈಯ ನಾಳ ಉಳಿಯುತ್ತಿತ್ತಲ್ಲ ಎಂದು ಅವನು ಕೊರಗುತ್ತ ಮಲಗಿದ್ದಾಗ ಪಾನ್ ಅಜ್ಜಿ ಬಂದಳು.

"ಆ ನರ್ಸಮ್ಮ ದಾರ ಕತ್ತರಿಸಿದ್ದಕ್ಕೇ ಹೀಗಾಯ್ತು," ಎಂದು ಮೂಗೊರೆಸಿಕೊಂಡು ಚೀಲದಿಂದ ದಾರದುಂಡೆ ತೆಗೆದಳು. "ಇರಲಿ, ಈಗ ಕುತ್ತಿಗೆಗೇ ಕಟ್ಟೋಣ."

"ಬೇಡ!" ಬುನ್‌ತೆಮ್ ಕೂಗಿದ. ಜನ್ಮದಲ್ಲಿ ಮೊದಲ ಸಲ.

ಅಜ್ಜಿ ಪಕ್ಕದಲ್ಲಿದ್ದ ಲಮ್ಯಾಯ್ ಕಡೆ ತಿರುಗಿ ನಿಟ್ಟುಸಿರಿಟ್ಟಳು. "ಪಾಪ, ಚೈತನ್ಯ ಹೋದೋರು ಹೀಗೇ ಏನೇನೋ ಬಡಬಡಿಸ್ತಾರೆ. ನೀನು ಇವನನ್ನ ಗಟ್ಟಿಯಾಗಿ ಹಿಡ್ಕೋ ಮಗಳೇ."